ನರಗುಂದ ಎಂದು ಓದಿದವನು

ರೋಣ
12 ಜೂನ್ 2023

ಅಕ್ಕಾ,

ಖಾದರನ ಸಲಾಮು. ಪಾಕೀಟು ದಪ್ಪಗಿದೆ ಎಂದು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಅರಾಮ ಇದ್ದೇವೆ. ಫೋನು ಮಾಡಿದರೆ ಗಜೇಂದ್ರಗಡದ ನಿಮ್ಮ ಪಡಸಾಲೆಗೆಲ್ಲ ಕೇಳಿಸುತ್ತದೆ. ಫೋಟೋ ಕಳಿಸಿದರೆ ನಿನಗಿಂತ ಮೊದಲು ರಫೀಕ ಭಾವ ನೋಡುತ್ತಾರೆ. ಅದಕ್ಕೇ ನಿನ್ನ ಮದುವೆಯಾದ ಹೊಸದರಲ್ಲಿ ಬರೆಯುತ್ತಿದ್ದೆವಲ್ಲ, ಹಾಗೆ ಪತ್ರ ಬರೆದು ಗ್ಯಾನಪ್ಪನ ಟಂಟಂ ಗಾಡಿಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ನಾನು ಒಂದು ಬಳಗ ಸೇರಿದೆ. ನಗಬೇಡ. ಹಳೆಯ ನಾಣ್ಯ ಕೂಡಿಸುವವರ ಬಳಗ. ಹಳೇ ಗಾದಿ ಬಿಚ್ಚಿ ಅರಳೆ ಹಿಂಜುವಾಗ ಏನೇನೋ ಸಿಗುತ್ತದೆ, ನಿನಗೆ ಗೊತ್ತಲ್ಲ: ಕಿವಿಯೋಲೆಯ ತಿರುಪು, ಬಾಚಣಿಕೆಯ ಹಲ್ಲು, ತೂತಿನ ದುಡ್ಡು. ತಿರುಪು ಕೊಟ್ಟರೆ ಇಸಿದುಕೊಳ್ಳುತ್ತಾರೆ, ತೂತಿನ ದುಡ್ಡು ಕೊಟ್ಟರೆ ‘ನೀವ ಇಟ್ಕೋರಿ’ ಅನ್ನುತ್ತಾರೆ. ಹಾಗೆ ಇಟ್ಟುಕೊಂಡದ್ದು ಒಂದು ಬಿಸ್ಕೀಟಿನ ಡಬ್ಬಿ ತುಂಬಿದೆ. ಫೋಟೋ ಸ್ಟುಡಿಯೋದ ಹೇಮಂತ ಒಂದು ದಿನ ತಲೆದಿಂಬು ಒಯ್ಯಲು ಬಂದವನು ಆ ಡಬ್ಬಿ ಕಂಡು, “ಹಿಂಗ ಒಬ್ಬರ ಯಾಕ ಕುಂಡ್ರತೀರಿ, ನಮ್ಮ ಬಳಗಕ್ಕ ಬರ್ರಿ” ಎಂದ. ಭಾನುವಾರ ಅವನ ಸ್ಟುಡಿಯೋದ ಮಾಳಿಗೆಗೆ ಹೋದೆ. ಏಳೆಂಟು ಮಂದಿ. ಹಿರಿಯರು ನರಗುಂದದ ರಾಘವೇಂದ್ರ ಸರ್, ಹೈಸ್ಕೂಲು ಮಾಸ್ತರರಾಗಿ ನಿವೃತ್ತರಾದವರು.

“ನಿಮ್ಮ ಹೆಸರೇನಂದ್ರಿ?”

“ಖಾದರಸಾಬ ನದಾಫ್ರಿ.”

“ಹಂಗಾದ್ರ ನಮ್ಮ ಚಿಂತಿ ಹೋತ ನೋಡ್ರಿ. ಫಾರ್ಸಿ ಅಕ್ಷರದ ನಾಣ್ಯ ಕಂಡ್ರ ನಾವೆಲ್ಲಾ ಕುರುಡರ. ಇನ್ನ ನೀವು ಓದಿ ಹೇಳ್ರಿ.”

ಅಕ್ಕಾ, ನಾನು ಹೂಂ ಅಂದುಬಿಟ್ಟೆ. ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕುಳಿತವನನ್ನು ಎಬ್ಬಿಸಿ ತಮ್ಮ ಮಗ್ಗುಲಿನ ಕುರ್ಚಿಗೆ ಕೂರಿಸಿದರು. ಚಹಾ ಮೊದಲು ನನಗೇ ಬಂತು. ಅಷ್ಟಾದ ಮೇಲೆ, ‘ಇಲ್ರಿ, ನಾ ಕನ್ನಡ ಸಾಲಿ ಕಲಿತಾಂವ, ನಮಾಜಿನ ಸೂರಾ ಸೈತ ಕನ್ನಡ ಅಕ್ಷರದ ಪುಸ್ತಕ ನೋಡಿ ಬಾಯಿಪಾಠ ಮಾಡೀನಿ’ ಎಂದು ಹೇಗೆ ಹೇಳಲಿ? ಹೇಮಂತ ಒಂದು ತಾಮ್ರದ ಬಿಲ್ಲೆ ಮುಂದೆ ಹಿಡಿದ. “ಚಾಳೀಸು ಮನ್ಯಾಗ ಬಿಟ್ಟ ಬಂದೀನ್ರಿ” ಎಂದು ಹೇಳಿ, ಕಾಗದವಿಟ್ಟು ಪೆನ್ಸಿಲು ತಿಕ್ಕಿ ಅಚ್ಚು ತೆಗೆದುಕೊಂಡು ಬಂದೆ. ನಾನು ಕಣ್ಣಿಗೆ ಚಾಳೀಸು ಹಾಕುವವನೇ ಅಲ್ಲ. ಈಗ ಒಂದು ಕೊಳ್ಳಬೇಕು.

ನೀನು ಆ ಮನೆಗೆ ಹೋಗಿ ಉರ್ದು ಓದಲು ಕಲಿತವಳು. ಅಚ್ಚು ಇದರಲ್ಲೇ ಇಟ್ಟಿದ್ದೇನೆ. ಏನಿದೆ ಎಂದು ಬರೆ. ಯಾರಿಗೂ ಹೇಳಬೇಡ.

ನಿನ್ನ ತಮ್ಮ,
ಖಾದರ


ಗಜೇಂದ್ರಗಡ
24 ಜೂನ್ 2023

ಖಾದರ,

ಸಲಾಮು ತಲುಪಿತು. ಅದರ ಹಿಂದೆ ನಿನ್ನ ಹುಚ್ಚುತನವೂ ತಲುಪಿತು. ಗಂಟಲು ಕಟ್ಟಿತ್ತೇ ನಿನಗೆ? ‘ಬರೂದಿಲ್ರಿ’ ಎಂಬುದು ಎಷ್ಟು ದೊಡ್ಡ ಮಾತು? ಈಗಲೂ ಹೊತ್ತು ಮೀರಿಲ್ಲ. ಮುಂದಿನ ಸಲ ಹೋದಾಗ ನಕ್ಕೋತ ಹೇಳಿಬಿಡು, ಅವರೂ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಸುಳ್ಳಿಗೆ ಒಂದು ಕುರ್ಚಿ ಕೊಟ್ಟರೆ ಅದು ಮಂಚ ಕೇಳುತ್ತದೆ.

ಆಯಿತು, ಕೇಳಿದ್ದಕ್ಕೆ ಬರೆಯುತ್ತೇನೆ. ಮೇಲಿರುವುದು ‘ಫಲೂಸ’, ಅಂದರೆ ತಾಮ್ರದ ದುಡ್ಡು. ಕೆಳಗಿರುವುದು ‘ಜರ್ಬ’. ಜರ್ಬ ಎಂದರೆ ಹೊಡೆತ, ಅಚ್ಚು ಹೊಡೆದದ್ದು. ಅದರ ಮುಂದೆ ಯಾವ ಊರಿನಲ್ಲಿ ಹೊಡೆದರೋ ಆ ಊರಿನ ಹೆಸರು ಬರುತ್ತದೆ. ನಿನ್ನದರಲ್ಲಿ ಅದು ಸವೆದುಹೋಗಿದೆ.

ತಡವಾಯಿತು ಎಂದು ಬೇಜಾರಾಗಬೇಡ, ಮನೆಯಲ್ಲಿ ಬಕ್ರೀದಿನ ಕೆಲಸ. ಓದಲು ನನಗೆಷ್ಟು ಹೊತ್ತು ಬೇಕು, ಕುಳಿತ ಮಗ್ಗುಲಲ್ಲೇ ಓದಿದೆ. ನಿನ್ನ ಮನೆಯಾಕೆ ಗುಲ್ಷನಳಿಗೆ ಹೇಳು, ರಂಜಕದ ಭರಣಿ ಬರಿದಾಗಿದೆ, ನಮ್ಮ ಅತ್ತೆಯವರೂ ‘ನಿನ್ನ ತವರಿನ ಖಾರ’ ಎಂದು ಕೇಳುತ್ತಾರೆ.

ಸಾಬೀರಾ


ರೋಣ
10 ಜುಲೈ 2023

ಅಕ್ಕಾ,

ಹೇಳಬೇಕೆಂದೇ ಹೋಗಿದ್ದೆ. ಖರೇ. ಹೋದ ಕೂಡಲೇ ಹೇಮಂತ, “ಏನಂತ ಬರದದ್ರಿ?” ಎಂದ. ಬಾಯಿ ತಾನೇ ‘ಫಲೂಸ’ ಅಂದಿತು. ಜರ್ಬ ಎಂದರೆ ಏನು ಎಂದೂ ಹೇಳಿದೆ. ಬ್ಯಾಂಕಿನ ಪ್ರಣೀತಾ ಮೇಡಂ ಬರೆದುಕೊಂಡರು. ನಾನು ಏಳನೇ ಇಯತ್ತೆ ಪಾಸಾದಾಗಲೂ ನನ್ನ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ಚಾಳೀಸು ಕೊಂಡೆ ಅಕ್ಕಾ. ಅದನ್ನು ಹಾಕಿಕೊಂಡರೆ ಹತ್ತಿರದ್ದೆಲ್ಲ ಮಸುಕು.

ಈಗ ವಿಷಯ ದೊಡ್ಡದಾಗಿದೆ. ರಾಘವೇಂದ್ರ ಸರ್ ತಮ್ಮ ಮನೆಯ ಬೆಳ್ಳಿ ರೂಪಾಯಿ ತಂದಿದ್ದರು. ಅದು ಅವರ ತಾಯಿ ಕಾಶಿಬಾಯಿಯವರದು, ತೊಂಬತ್ತರ ಹತ್ತಿರದ ಮುದುಕಿ. ಆಕೆ ಸೊಸೆಯಾಗಿ ನರಗುಂದಕ್ಕೆ ಬಂದಾಗ ಮಾವನವರು ಅಂಗೈಯಲ್ಲಿಟ್ಟು, “ಇದು ನಮ್ಮ ಊರಾಗ ಹೊಡದ ರೂಪಾಯಿ, ಕಳಕೋಬ್ಯಾಡ” ಎಂದಿದ್ದರಂತೆ. ಮುಂದೆ ಕಷ್ಟ ಬಂದು ಮೈಮೇಲಿನ ಬಂಗಾರವೆಲ್ಲ ಹೋದರೂ ಅದೊಂದನ್ನು ಆಕೆ ಬಿಡಲಿಲ್ಲ. ನೆಗೆಣ್ಣಿಯರು, ‘ಸಂತ್ಯಾಗ ಸಿಗೂ ರೂಪಾಯಿ, ಮಾವ ಚ್ಯಾಷ್ಟಿ ಮಾಡ್ಯಾನ, ಇಕಿ ಹುಚ್ಚಿ ನಂಬ್ಯಾಳ’ ಎಂದು ಜೀವಮಾನವಿಡೀ ನಕ್ಕರಂತೆ. ಸರ್ ಅಂದರು, “ಖಾದರಸಾಬ, ಮ್ಯಾಲಿನ ಸಾಲಿನ್ಯಾಗ ನರಗುಂದ ಅಂತ ಇರಬೇಕು ಅಂತ ನನಗ ಅನಸ್ತದ. ನೀವು ಓದಿ ಹೌದು ಅಂದ್ರ ನಮ್ಮವ್ವ ಗೆದ್ದಂಗ.”

ಎರಡೂ ಮಗ್ಗುಲಿನ ಅಚ್ಚು ಕಳಿಸಿದ್ದೇನೆ. ಮೇಲಿನ ಸಾಲು ನೋಡು. ನರಗುಂದ ಅಂತಲೇ ಇರಬೇಕು, ಅಲ್ಲವೇ? ಲಗೂ ಬರೆ.

ಖಾದರ


ಗಜೇಂದ್ರಗಡ
2 ಆಗಸ್ಟ್ 2023

ಖಾದರ,

ನೋಡಿದೆ. ಹೌದು. ನರಗುಂದ ಅಂತಲೇ ಇದೆ.

ಇಲ್ಲಿ ಕೆಲಸ ಭಾಳ. ಇನ್ನು ಮೇಲೆ ಇಂಥವನ್ನು ಕಳಿಸಬೇಡ.

ಸಾಬೀರಾ


ರೋಣ
16 ಆಗಸ್ಟ್ 2023

ಅಕ್ಕಾ,

ನಿನ್ನ ಪತ್ರ ಎರಡೇ ಸಾಲು, ಆದರೆ ಇಲ್ಲಿ ಅದು ಮಾಡಿದ ಕೆಲಸ ನೋಡು. ಹೇಳಿದ ಕೂಡಲೇ ರಾಘವೇಂದ್ರ ಸರ್ ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಮರುದಿನ ಫೋನು ಮಾಡಿ, “ಅವ್ವಗ ಹೇಳಿದೆ. ದೇವರ ಮುಂದ ದೀಪಾ ಹಚ್ಚಿ ಒಂದ ತಾಸು ಅತ್ತಳು. ಸತ್ತ ನೆಗೆಣ್ಣಿಯರ ಹೆಸರ ಹಿಡದು ಒಬ್ಬೊಬ್ಬರಿಗೇ ಹೇಳಿದಳು” ಎಂದರು.

ಸೆಪ್ಟೆಂಬರ್ ಮೂರಕ್ಕೆ ನರಗುಂದದಲ್ಲಿ ನಮ್ಮ ಬಳಗದ ಪ್ರದರ್ಶನ. ಆ ರೂಪಾಯಿಯನ್ನು ನಡುವೆ ಇಟ್ಟು, ‘ನರಗುಂದದಲ್ಲಿ ಅಚ್ಚಾದ ನಾಣ್ಯ, ಓದಿದವರು ಖಾದರಸಾಬ ನದಾಫ, ರೋಣ’ ಎಂದು ಚೀಟಿ ಬರೆಸಿದ್ದಾರೆ. ಅಪ್ಪ ಇದ್ದಿದ್ದರೆ ಓಣಿ ತುಂಬ ಹೇಳಿಕೊಂಡು ತಿರುಗುತ್ತಿದ್ದ.

ನಿನಗೆ ನನ್ನ ಮೇಲೆ ಸಿಟ್ಟು ಬಂದಂತಿದೆ. ಕೆಲಸದ ನಡುವೆ ತ್ರಾಸು ಕೊಟ್ಟೆ. ಇದೇ ಕೊನೆ. ಇನ್ನು ಯಾರು ಕೇಳಿದರೂ ‘ಸವೆದೈತ್ರಿ’ ಎಂದುಬಿಡುತ್ತೇನೆ, ಅದನ್ನು ನೀನೇ ಕಲಿಸಿದ್ದೀಯ.

ಖಾದರ


ರೋಣ
5 ಸೆಪ್ಟೆಂಬರ್ 2023

ಸಾಬೀರಕ್ಕಾ,

ಇದನ್ನು ಓದಿ ಹರಿದುಹಾಕು.

ನರಗುಂದದ ಪ್ರದರ್ಶನಕ್ಕೆ ಮಂದಿ ಭಾಳ ಬಂದಿದ್ದರು. ಉರ್ದು ಸಾಲಿಯ ಟೀಚರು ನಾಜಮೀನ ಎಂಬವರು ಆ ರೂಪಾಯಿಯ ಮುಂದೆ ನಿಂತು ಚೀಟಿ ಓದಿದರು, ನಾಣ್ಯ ನೋಡಿದರು, ಮತ್ತೆ ಚೀಟಿ ಓದಿದರು. ಆಮೇಲೆ ಮೆಲ್ಲಗೆ, “ಸರ್, ಇದರಾಗ ನರಗುಂದ ಎಲ್ಲಿ ಐತ್ರಿ?” ಎಂದು ಕೇಳಿದರು. ಸರ್ ನಕ್ಕರು. “ಓದಿದವರು ಇಲ್ಲೇ ಅದಾರ ಬರ್ರಿ. ಖಾದರಸಾಬ, ಇವರಿಗೆ ಒಂದೀಟು ತೋರಸ್ರಿ.”

ಸುತ್ತ ಮಂದಿ ಕೂಡಿತು. ಚಾಳೀಸು ಏರಿಸಿಕೊಂಡು ಹೋದೆ. ಗಾಜಿನ ಮೇಲೆ ಬೆರಳಿಟ್ಟು, ಮೇಲಿನ ಸಾಲಿನ ಗುಂಟ ಎಳೆಯುತ್ತ, “ನ...ರ...ಗುಂ...ದ” ಎಂದು ಓದಿದೆ. ನಾಜಮೀನ ಟೀಚರ ಮುಖ ಕೆಂಪಾಗಿತ್ತು, ನನ್ನ ಸಲುವಾಗಿ ಅವರೇ ನಾಚಿದ ಹಾಗೆ. “ಚಾಚಾ,” ಎಂದರು, “ಬಲಗಡಿಯಿಂದ ಓದಬೇಕ್ರಿ.”

ನಾನು ಎಡದಿಂದ ಬಲಕ್ಕೆ ಎಳೆದಿದ್ದೆ ಅಕ್ಕಾ. ಕನ್ನಡ ಸಾಲಿಯ ಬೆರಳು. ಹುಟ್ಟಿದಾಗಿನಿಂದ ಮಸೀದಿಗೆ ಹೋಗಿ ಬಂದವನು, ಆ ಅಕ್ಷರಗಳು ಬಲದಿಂದ ನಡೆಯುತ್ತವೆ ಎಂಬುದು ನನಗೆ ಗೊತ್ತಿಲ್ಲವೇ? ಗೊತ್ತು. ಬೆರಳಿಗೆ ಗೊತ್ತಿರಲಿಲ್ಲ.

ಟೀಚರು ಓದಿ ಹೇಳಿದರು. ಮೇಲಿನ ಸಾಲಿನಲ್ಲಿರುವುದು ‘ಮಾನೂಸ’. ಅದು ಊರಿನ ಹೆಸರೇ ಅಲ್ಲ. ಊರಿನ ಹೆಸರು ಕೆಳಗೆ ಜರ್ಬದ ಮುಂದೆ ಬರಬೇಕು. ಆದರೆ ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಸಣ್ಣದು. ಹೊಡೆಯುವಾಗಲೇ ಊರಿನ ಹೆಸರು ಬಿಲ್ಲೆಯ ಹೊರಗೆ ಬಿದ್ದಿದೆ. ಅಂಚಿನಲ್ಲಿ ಅಕ್ಷರದ ತಲೆಗಳಷ್ಟೇ ಉಳಿದಿವೆ. ಯಾವ ಊರದೂ ಇರಬಹುದು, ಯಾರೂ ಹೇಳಲಾರರು ಎಂದರು.

ಸರ್ ನನ್ನ ಕಡೆ ತಿರುಗಿದರು. “ಖಾದರಸಾಬ, ನಿಮಗ ಓದಾಕ ಬರ್ತದೋ ಇಲ್ಲೋ?”

ಆಗಲಾದರೂ ಖರೇ ಹೇಳಬಹುದಿತ್ತು. ನಾನು ಏನಂದೆ ಗೊತ್ತೇ? “ಚಾಳೀಸು ಬಿಟ್ಟ ಬಂದೀನ್ರಿ.” ಚಾಳೀಸು ಮೂಗಿನ ಮೇಲೇ ಇತ್ತು. ಹಿಂದಿನಿಂದ ಯಾರೋ ನಕ್ಕರು. ಸರ್ ನಗಲಿಲ್ಲ. ಚೀಟಿ ಕಿತ್ತು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಹೇಮಂತ ಮಾತ್ರ, “ಓದಾಕ ಬರೂದಿಲ್ಲಂದ್ರ ನೀವು ನಮ್ಮ ಬಳಗಕ್ಕ ಯಾಕ ಬರ್ತಿದ್ದಿರಿ?” ಎಂದು ಕೇಳಿದ. ಚುಚ್ಚಲು ಅಲ್ಲ, ಖರೇನೇ ತಿಳಿಯದೆ ಕೇಳಿದ. ನಾನೂ ನಾಣ್ಯ ಕೂಡಿಸುವವನು ಎಂಬುದು ಅವನಿಗೇ ಮರೆತುಹೋಗಿತ್ತು. ಇಷ್ಟು ದಿನ ನನ್ನ ಡಬ್ಬಿ ತೆಗೆದು ತೋರಿಸು ಎಂದು ಯಾರೂ ಅಂದಿರಲಿಲ್ಲ. ನಾನೂ ತೋರಿಸಿರಲಿಲ್ಲ, ಕುರ್ಚಿ ಸಿಕ್ಕಿತ್ತಲ್ಲ.

ಬಸ್ಸಿನಲ್ಲಿ ರೋಣದ ತನಕ ಕಿಟಕಿಗೆ ಮಾರಿ ಹಚ್ಚಿ ಕುಳಿತು ಬಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಿದ್ದಳು ಅವ್ವ. ನನ್ನ ಮಾನ ಒಂದು ಕಪ್ ಚಹಾಕ್ಕೆ ಹೋಯಿತು.

ಆದರೆ ಅಕ್ಕಾ, ನೀನು ‘ನರಗುಂದ ಅಂತಲೇ ಇದೆ’ ಎಂದು ಬರೆದಿದ್ದೆ. ನಿನಗೆ ಓದಲು ಬರುತ್ತದೆ. ಬರುವವಳು ಹೀಗೆ ಯಾಕೆ ಬರೆದೆ? ನನ್ನನ್ನು ಮಂದಿಯ ನಡುವೆ ಬೆತ್ತಲೆ ನಿಲ್ಲಿಸಬೇಕೆಂದಿತ್ತೇ?

ಖಾದರ


ರೋಣ
24 ಸೆಪ್ಟೆಂಬರ್ 2023

ಅಕ್ಕಾ,

ಸಿಟ್ಟಿನಲ್ಲಿ ಬರೆದೆ. ಉತ್ತರ ಕೊಡದಷ್ಟು ದೊಡ್ಡ ಮಾತಾಯಿತೇ? ರಾಘವೇಂದ್ರ ಸರ್ ನಮ್ಮ ಅಂಗಡಿಯ ಮುಂದಿನಿಂದಲೇ ಸ್ಟುಡಿಯೋಗೆ ಹೋಗುತ್ತಾರೆ. ಅವರು ಬರುವುದು ಕಂಡರೆ ನಾನು ಅರಳೆಯ ಗಂಟಿನ ಹಿಂದೆ ಕೂಡುತ್ತೇನೆ. ನೀನೂ ಮಾತು ಬಿಟ್ಟರೆ ಹ್ಯಾಂಗ? ಒಂದು ಸಾಲು ಬರೆ.

ಖಾದರ


ಗಜೇಂದ್ರಗಡ
19 ಅಕ್ಟೋಬರ್ 2023

ಖಾದರ,

ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದೆ. ಇದನ್ನು ಹರಿಯುವುದಿಲ್ಲ.

ನನಗೂ ಓದಲು ಬರುವುದಿಲ್ಲ.

ಈಗ ನಿನಗೆ ಹೇಗೆ ಅನಿಸುತ್ತಿದೆ ಎಂದು ಬಲ್ಲೆ. ಕೇಳು. ಈ ಮನೆಗೆ ಬಂದ ಹೊಸದರಲ್ಲಿ ನನ್ನ ಬಾಯಿಂದ ಒಂದು ಉರ್ದು ಮಾತಿನ ಹಿಂದೆ ನಾಲ್ಕು ಕನ್ನಡ ಮಾತು ಬರುತ್ತಿದ್ದವು. ಬಾಯಿ ತೆಗೆದರೆ ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮೊದಲ ಸಲ ತವರಿಗೆ ಬಂದಾಗ ಅಪ್ಪ, “ಅಲ್ಲಿ ಮಂದಿ ಹ್ಯಾಂಗ ನೋಡಕೋತಾರವ್ವಾ?” ಎಂದ. ನಾನು ಅಳಬಾರದೆಂದು, “ಚಲೋ ಅದಾರಪಾ, ನನಗ ಉರ್ದು ಓದಾಕ ಕಲಿಸ್ಯಾರ” ಎಂದೆ. ಅಷ್ಟೇ. ಅಪ್ಪ ಅಂದೇ ಸಂಜಿಗೆ ಮಸೀದಿ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದ, ‘ನನ್ನ ಮಗಳು ಕಿತಾಬು ಓದತಾಳ.’ ಅವನು ಸಾಯುವ ತನಕ ಆ ಮಾತು ಹಾಗೇ ಇತ್ತು. ಅವನು ಹೋದ ಮೇಲೆ ಅದು ಸುಳ್ಳು ಎನ್ನಲು ಇನ್ನೂ ಧೈರ್ಯ ಬರಲಿಲ್ಲ.

ಮೊದಲಿನ ತಾಮ್ರದ ಬಿಲ್ಲೆಯನ್ನು ಓದಿದವರು ನಮ್ಮ ಅತ್ತೆ ಹಸನಬಿಯವರು. ನಾನು ಓದಿದೆ ಎಂದು ಬರೆದೆ. ಎರಡನೆಯದನ್ನು ಒಯ್ದಾಗ ಪಡಸಾಲೆಯಲ್ಲಿ ಬೀಗರಿದ್ದರು. ಅತ್ತೆಯವರು ಅವರ ಮುಂದೆ, “ಇಷ್ಟು ವರ್ಷ ಆತು, ಅಲಿಫ ಬೇ ಸೈತ ಗೊತ್ತಿಲ್ಲ. ಪಿಂಜಾರರ ಮನಿ ಹುಡುಗಿ, ಅರಳಿ ಹಿಂಜಾಕ ಬರ್ತದ, ಅಕ್ಷರ ಹಿಂಜಾಕ ಬರೂದಿಲ್ಲ” ಎಂದರು. ಬೀಗರು ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ನಿನ್ನ ಕಾಗದ ಬಿಚ್ಚಿ ನೋಡಿದೆ. ನಡುವೆ ಎಲ್ಲೋ ಚುಕ್ಕಿ ಇದ್ದರೆ ‘ನ’ ಎಂದು ಯಾರೋ ಹೇಳಿದ್ದು ನೆನಪಿತ್ತು. ಒಂದು ಚುಕ್ಕಿ ಕಂಡಿತು. ಉಳಿದದ್ದನ್ನು ನಿನ್ನ ಪತ್ರ ನೋಡಿ ತುಂಬಿದೆ. ನೀನು ನರಗುಂದ ಬೇಕು ಎಂದೆ, ನಾನು ಕೊಟ್ಟೆ.

ನಿನಗೆ ‘ಬರೂದಿಲ್ರಿ ಅಂತ ನಕ್ಕೋತ ಹೇಳು’ ಎಂದು ಬುದ್ಧಿ ಹೇಳಿದವಳು ನಾನೇ. ಆ ಪತ್ರ ನೆನಪಾದರೆ ಮೈ ಉರಿಯುತ್ತದೆ. ನಿನ್ನ ಬೆರಳಿನ ಸುದ್ದಿ ಓದಿದ ದಿನ ಉಣ್ಣಲಾಗಲಿಲ್ಲ. ಆ ಬೆರಳು ನಿನ್ನದಲ್ಲ, ನನ್ನದು.

ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ.

ಸಾಬೀರಾ


ರೋಣ
3 ನವೆಂಬರ್ 2023

ಅಕ್ಕಾ,

ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಕುರುಡ ಕುರುಡಿಯ ಕೈ ಹಿಡಿದು ಮಂದಿಗೆ ದಾರಿ ತೋರಿಸಲು ಹೊರಟಿದ್ದೆವು. ಗುಲ್ಷನ, “ಅಕ್ಕ ಏನ ಬರದಾರ?” ಎಂದು ಕೇಳಿದಳು. “ಅರಾಮ ಅದಾರಂತ” ಎಂದೆ. ನೋಡು, ಮತ್ತೆ ಸುಳ್ಳು. ನಮ್ಮ ಮನೆತನದಲ್ಲಿ ಸುಳ್ಳು ಹೇಳುವುದು ಯಾರನ್ನೂ ಮೋಸ ಮಾಡಲು ಅಲ್ಲ, ಸಣ್ಣವರಾಗಿ ಕಾಣಬಾರದೆಂದು. ಆದರೂ ಮೋಸ ಆಗುತ್ತದೆ. ಆ ಮುದುಕಿಯನ್ನು ನೆನೆಸಿಕೊಂಡರೆ ಎದೆ ಒಡೆಯುತ್ತದೆ.

ಅಪ್ಪನಿಗೆ ನೀನು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಅತ್ತೆಯವರನ್ನು ಕೇಳು. ನಿನಗೆ ಕಲಿಸುತ್ತಾರೇನು? ನೀನು ಕಲಿತದ್ದನ್ನು ನನಗೆ ಬರೆದು ಕಳಿಸು. ಆ ಒಂದು ರೂಪಾಯಿ ಓದುವಷ್ಟು ಬಂದರೆ ಸಾಕು.

ಖಾದರ


ಗಜೇಂದ್ರಗಡ
15 ಡಿಸೆಂಬರ್ 2023

ಖಾದರ,

ಕೇಳಿದೆ. ಎಲ್ಲವನ್ನೂ ಹೇಳಿದೆ, ಅಪ್ಪನಿಗೆ ಹೇಳಿದ್ದು, ನಿನಗೆ ಬರೆದದ್ದು, ನರಗುಂದದಲ್ಲಿ ನಿನಗಾದದ್ದು. ಅತ್ತೆಯವರು ಬಯ್ಯುತ್ತಾರೆ ಎಂದುಕೊಂಡೆ. “ಬೀಗರ ಮುಂದ ನಾ ಹಂಗ ಅನಬಾರದಿತ್ತು” ಎಂದರು. ಆಮೇಲೆ ಮಗ್ಗುಲಿನಲ್ಲಿ ಚಾಪೆ ತಟ್ಟಿ, “ಕುಂಡ್ರು” ಎಂದರು. ಈಗ ದಿನಾ ಮಧ್ಯಾಹ್ನ ಕೂಡುತ್ತೇನೆ. ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಒಂದು ಏಟು. ಮಕ್ಕಳು ನೋಡಿ ನಗುತ್ತಾರೆ, ನಗಲಿ.

ಜೊತೆಗಿಟ್ಟ ಹಾಳೆ ನೋಡು. ಬಲಕ್ಕೆ ಅವರ ಅಕ್ಷರ, ಎಡಕ್ಕೆ ನಮ್ಮ ಅಕ್ಷರ. ಬಲದಿಂದ ಶುರು ಮಾಡು, ಹೇಳಬೇಕಾಗಿಲ್ಲ. ನಿನ್ನ ರೂಪಾಯಿಯನ್ನು ಇಬ್ಬರೂ ಕೂಡಿ ಓದಿದೆವು, ಆ ಅಚ್ಚನ್ನೂ ತಿರುಗಿ ಕಳಿಸಿದ್ದೇನೆ. ಒಂದು ಮಗ್ಗುಲಿಗೆ ‘ಸಿಕ್ಕಾ ಮುಬಾರಕ ಬಾದಶಾಹ ಗಾಜಿ’ ಎಂದು ಇದೆ, ಬಾದಶಹನ ಹೆಸರು ಸವೆದಿದೆ. ಇನ್ನೊಂದು ಮಗ್ಗುಲಿಗೆ ‘ಜುಲೂಸ ಮೈಮನತ ಮಾನೂಸ’. ಒಳ್ಳೆಯದು ಕೂಡಿಬಂದ ಆಳ್ವಿಕೆಯ ಇಂಥ ವರ್ಷ ಎಂದು ಅರ್ಥ. ಬರೇ ಮಾನೂಸ ಅಂದರೇನು ಎಂದು ಕೇಳಿದೆ. “ರೂಢಿ ಬಿದ್ದಾಂವ, ನಮ್ಮಾಂವ ಅನಿಸಿಕೊಂಡಾಂವ” ಎಂದರು. ಊರು ಮಾತ್ರ ಇಲ್ಲ. ಅಂಚಿನ ಮೇಲಿನ ತಲೆಗಳಿಂದ ಏನೂ ಹೇಳಲಾಗದು, ಹೇಳಿದವನು ಸುಳ್ಳ ಎಂದರು.

ನೀನೂ ಕಲಿ. ಕಲಿತು ರಾಘವೇಂದ್ರ ಸರ್ ಅವರ ಮುಂದೆ ನಿಂತು, ಅಂದು ಬರುತ್ತಿರಲಿಲ್ಲ ಎಂದು ಹೇಳಿ, ಆಮೇಲೆ ಓದು. ನಾನು ಹೇಳಿದೆನಲ್ಲ, ಸಾಯಲಿಲ್ಲ.

ಸಾಬೀರಾ


ರೋಣ
20 ಫೆಬ್ರುವರಿ 2024

ಅಕ್ಕಾ,

ನೀನು ಕಳಿಸಿದ ಹಾಳೆಗಳನ್ನು ಹೊಲಿಗೆ ಮಷೀನಿನ ಮುಂದೆ ಅಂಟಿಸಿಕೊಂಡು ಗಾದಿಯ ಗಲೀಫು ಹೊಲಿಯುತ್ತಲೇ ಕಲಿತೆ. ಆ ರೂಪಾಯಿಯ ಮೇಲಿನ ಒಂದೊಂದು ಶಬ್ದವೂ ಈಗ ನನಗೆ ಬರುತ್ತದೆ. ಅಚ್ಚಿನ ಕಾಗದ ನೋಡಿ ಓದಿ ಓದಿ ಕಾಗದವೇ ಹರಿದಿದೆ. ಸರ್ ಹತ್ತಿರ ಹೋಗಬೇಕು ಎಂದು ದಿನಾ ಅಂದುಕೊಂಡೆ. ಹೋಗಲಿಲ್ಲ. ಮೊನ್ನೆ ಅವರೇ ಅಂಗಡಿಗೆ ಬಂದರು.

ಅಡಗಲು ಜಾಗ ಇರಲಿಲ್ಲ. ಎದ್ದು ನಿಂತೆ. “ಸರ್, ಅವತ್ತು ನನಗ ಓದಾಕ ಬರ್ತಿದ್ದಿಲ್ರಿ. ಬರ್ತದ ಅಂತ ಸುಳ್ಳ ಹೇಳಿದ್ದೆ” ಎಂದೆ.

“ಗೊತ್ತದ,” ಎಂದರು. “ನಾನೂ ಹೆಸರ ಕೇಳಿ ಬರ್ತದ ಅಂದ್ಕೊಂಡೆ. ನಿಮ್ಮನ್ನ ಒಂದ ಮಾತ ಕೇಳಬೇಕಿತ್ತು, ಕೇಳಲಿಲ್ಲ.” ಆಮೇಲೆ ಅರಳೆಯ ಗಂಟಿನ ಮೇಲೆ ಕೂತರು. ಅವರ ತಾಯಿಗೆ ಪ್ರದರ್ಶನದ ಸುದ್ದಿ ಹೇಳಿರಲೇ ಇಲ್ಲವಂತೆ. ಈಗ ಯಾರೋ ನೆಂಟರು ಬಂದು, ‘ನಿಮ್ಮ ರೂಪಾಯ್ಯಾಗ ನರಗುಂದ ಇಲ್ಲಂತಲ್ಲ’ ಎಂದಿದ್ದಾರೆ. ಮುದುಕಿ ಅವತ್ತಿನಿಂದ ಅನ್ನ ಬಿಟ್ಟಿದ್ದಾಳೆ. “ಓದಿದವನ್ನ ಕರಕೊಂಡ ಬಾ, ನನ್ನ ಮುಂದ ಓದಲಿ ಅಂತಾಳ. ಏನ ಓದಬೇಕಂತ ನಾ ಹೇಳೂದಿಲ್ಲ ಖಾದರಸಾಬ. ನನ್ನ ಬಾಯಿಲೆ ಅದು ಬರೂದಿಲ್ಲ. ನೀವು ಬರ್ರಿ, ಅಷ್ಟ.”

ನಿನ್ನೆ ನರಗುಂದಕ್ಕೆ ಹೋದೆ. ಕಾಶಿಬಾಯಿಯವರು ಹಾಸಿಗೆಯ ಮೇಲೆ ಗೋಡೆಗೆ ಆತು ಕೂತಿದ್ದರು, ಒಂದು ಹಿಡಿ ಆಗಿದ್ದಾರೆ. ಮುಷ್ಟಿಯಲ್ಲಿ ರೂಪಾಯಿ. ನನ್ನನ್ನು ಮಂಚದ ಅಂಚಿನ ಮೇಲೇ ಕೂರಿಸಿಕೊಂಡರು.

“ನಿಮಗ ಓದಾಕ ಬರ್ತದಲ್ಲಪಾ?”

“ಈಗ ಬರ್ತದ್ರಿ ಅವ್ವಾರ.”

ಓದಿದೆ ಅಕ್ಕಾ. ಚಾಳೀಸು ಒಯ್ದಿರಲಿಲ್ಲ, ಬೇಕಾಗಲೂ ಇಲ್ಲ. ಸಿಕ್ಕಾ ಮುಬಾರಕ ಎಂದು ಬಲದಿಂದ ಹಿಡಿದು ಒಂದೊಂದೇ ಶಬ್ದ ಓದಿ ಅರ್ಥ ಹೇಳಿದೆ. ಬಾದಶಹನ ಹೆಸರು ಸವೆದಿದೆ ಎಂದು ಖರೇನೇ ಹೇಳಿದೆ. ತಿರುಗಿಸಿ ಜುಲೂಸ, ಮೈಮನತ, ಮಾನೂಸ ಓದಿದೆ. ಎಲ್ಲಿಯೂ ತಡವರಿಸಲಿಲ್ಲ. ಆ ಕೋಣೆಯಲ್ಲಿ ಕೂತು ಹಾಗೆ ಓದುವಾಗ ನನಗೆ ಎಷ್ಟು ಹಿಗ್ಗಾಯಿತು ಎಂದು ಹೇಳಲು ನಾಚಿಕೆ.

ಆಕೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, “ಮತ್ತ ಊರು?” ಎಂದರು.

ರಾಘವೇಂದ್ರ ಸರ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ತಿರುಗಲಿಲ್ಲ. ನಾನು ಆಕೆಯ ಬೆರಳು ಹಿಡಿದು ಕೆಳಗಿನ ಅಂಚಿನ ಮೇಲೆ, ಆ ಉಳಿದ ತಲೆಗಳ ಮೇಲೆ ಇಟ್ಟೆ. “ಇಲ್ಲಿ ಐತ್ರಿ ಅವ್ವಾರ. ಜರ್ಬ ನರಗುಂದ.”

“ಹೌದಲ್ಲ?”

“ಹೌದ್ರಿ.”

ಮುಷ್ಟಿ ಮುಚ್ಚಿಕೊಂಡರು. ಸೊಸೆಯನ್ನು ಕೂಗಿ ಗಂಜಿ ತರಲು ಹೇಳಿದರು. ನನ್ನ ತಲೆಯ ಮೇಲೆ ಕೈಯಿಟ್ಟು, “ನೋಡು ರಾಘು, ಓದಿದವರಂದ್ರ ಹಿಂಗಿರಬೇಕು” ಎಂದರು.

ಬಸ್ ಸ್ಟ್ಯಾಂಡಿನ ತನಕ ಸರ್ ಕಳಿಸಲು ಬಂದರು. ಬಸ್ಸು ಹತ್ತುವಾಗ, “ಭಾನುವಾರ ಬರ್ರಿ. ನಿಮ್ಮ ಕುರ್ಚಿ ಹಂಗ ಐತಿ” ಎಂದರು, ನನ್ನ ಮಾರಿ ನೋಡದೆ. ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ.

ಅಂದು ಓದಲು ಬರದೆ ಸುಳ್ಳು ಹೇಳಿದ್ದೆ, ಅದಕ್ಕೆ ಬೇಕಾದರೆ ಮಾಫಿ ಇರಬಹುದು. ನಿನ್ನೆ ನನಗೆ ಓದಲು ಬರುತ್ತಿತ್ತು. ಅತ್ತೆಯವರಿಗೆ ನನ್ನ ಸಲಾಮು ಹೇಳು. ಆದರೆ ಈ ಪತ್ರವನ್ನು ಅವರಿಗೆ ಓದಿ ಹೇಳಬೇಡ.

ಖಾದರ